ಅಮ್ಮನ ಹೆಬ್ಬೆರಳಿಗೆ ಬೀಗ

2023ರ ಸೆಪ್ಟೆಂಬರ್ 11, ಸೋಮವಾರ. ಗೃಹಲಕ್ಷ್ಮಿಯ ಎರಡು ಸಾವಿರ ಬಂತೇ ಎಂದು ಊರಿನ ಹೆಂಗಸರೆಲ್ಲ ಒಬ್ಬರನ್ನೊಬ್ಬರು ಕೇಳುತ್ತಿದ್ದ ದಿನಗಳು ಅವು. ಕಿನ್ನಿಗೋಳಿಯ ಬಳಿಯ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿಸಿದ ಅಮ್ಮ ತನ್ನ ಕೀಪ್ಯಾಡ್ ಮೊಬೈಲನ್ನು ನನ್ನ ಕೈಗಿಟ್ಟು, "ಮೆಸೇಜ್ ಬಂದಿದೆಯಾ ನೋಡು. ಕೆಳಗಿನ ಮನೆಯ ಅಕ್ಕನಿಗೆ ಬಂತಂತೆ" ಎಂದಳು.

ತೆರೆಯದ ಸಂದೇಶಗಳು ಇನ್ನೂರಕ್ಕಿಂತ ಹೆಚ್ಚಿದ್ದವು. ಇಂಗ್ಲಿಷ್ ಓದಲು ಬಾರದ ಅಮ್ಮನಿಗೆ ರೀಚಾರ್ಜಿನ ಜಾಹೀರಾತೂ ಬ್ಯಾಂಕಿನ ಸಂದೇಶವೂ ಒಂದೇ. ಮೇಲಿನಿಂದ ನೋಡುತ್ತಾ ಹೋದೆ. ಎರಡು ಸಾವಿರದ ಸುದ್ದಿ ಇರಲಿಲ್ಲ. ಅದರ ಬದಲು ಒಂದೇ ರೀತಿಯ ಮೂರು ಸಂದೇಶಗಳಿದ್ದವು. ಶನಿವಾರ ಬೆಳಿಗ್ಗೆ 6.52ಕ್ಕೆ ಹತ್ತು ಸಾವಿರ ರೂಪಾಯಿ ಖರ್ಚು, ಭಾನುವಾರ 7.10ಕ್ಕೆ ಹತ್ತು ಸಾವಿರ, ಸೋಮವಾರ ಬೆಳಿಗ್ಗೆ 6.47ಕ್ಕೆ ಮತ್ತೆ ಹತ್ತು ಸಾವಿರ. ಮೂರರಲ್ಲೂ 'ಎಇಪಿಎಸ್' ಎಂಬ ನಾಲ್ಕು ಅಕ್ಷರಗಳು.

"ಯಾರಿಗಾದರೂ ಒಟಿಪಿ ಹೇಳಿದೆಯಾ ಅಮ್ಮ?" ಎಂದು ಕೇಳಿದೆ. ಆ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಅಮ್ಮನ ಮುಖ ಒಮ್ಮೆಲೇ ಬಾಡಿತು. ನಲವತ್ತು ವರ್ಷ ಬೀಡಿ ಕಟ್ಟಿ, ಕೊನೆಗೆ ಸಿಕ್ಕಿದ ಪಿಎಫ್ ಹಣವನ್ನು ಮುಟ್ಟದೆ ಇಟ್ಟುಕೊಂಡಿದ್ದವಳು ಅವಳು. ಆ ಖಾತೆಯಲ್ಲಿದ್ದದ್ದು ಒಂದು ಲಕ್ಷದ ನಲವತ್ತೆರಡು ಸಾವಿರ. "ನಾನು ಯಾರಿಗೂ ಏನೂ ಹೇಳಲಿಲ್ಲ, ಫೋನೂ ಬಂದಿಲ್ಲ" ಎಂದು ಮತ್ತೆ ಮತ್ತೆ ಹೇಳಿದಳು. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಎಇಪಿಎಸ್, ಅಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲು ಈ ಮೂರು ಸಾಕು. ಒಟಿಪಿ ಬೇಡ, ಕಾರ್ಡು ಬೇಡ, ಪಿನ್ ಬೇಡ, ಖಾತೆ ಸಂಖ್ಯೆಯೂ ಬೇಡ. ಬ್ಯಾಂಕಿಲ್ಲದ ಹಳ್ಳಿಗಳಲ್ಲಿ ವಯಸ್ಸಾದವರು ಅಂಗಡಿಯಲ್ಲೇ ಬೆರಳಿಟ್ಟು ಪಿಂಚಣಿ ತೆಗೆಯಲೆಂದು ಮಾಡಿದ ವ್ಯವಸ್ಥೆ ಇದು. ಒಳ್ಳೆಯ ಉದ್ದೇಶದ್ದೇ. ಒಂದು ಸಲಕ್ಕೆ ಹತ್ತು ಸಾವಿರದ ಮಿತಿ. ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಸಾಕು, ನಾವು ಕೇಳದೆಯೇ ಆಗ ಈ ಬಾಗಿಲು ತೆರೆದಿರುತ್ತಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಮಂಗಳೂರಿನ ಹಂಪನಕಟ್ಟೆಯ ಔಷಧದಂಗಡಿಯಲ್ಲಿ ದಿನವಿಡೀ ಬಿಲ್ಲು ಮಾಡುವ, ಮೊಬೈಲಿನಲ್ಲೇ ಎಲ್ಲ ಪಾವತಿ ಮಾಡುವ ನಾನು ಆ ನಾಲ್ಕು ಅಕ್ಷರಗಳನ್ನು ಅಂದೇ ಮೊದಲ ಸಲ ಓದಿದ್ದು.

1930ಕ್ಕೆ ಕರೆ ಮಾಡಿದೆ. ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು. ಖಾತೆ ಸಂಖ್ಯೆ, ಪ್ರತಿ ವ್ಯವಹಾರದ ಸಮಯ, ಮೊತ್ತ, ಸಂದೇಶದಲ್ಲಿದ್ದ ಉಲ್ಲೇಖ ಸಂಖ್ಯೆ ಎಲ್ಲವನ್ನೂ ಒಂದೊಂದಾಗಿ ಬರೆಸಿಕೊಂಡರು. ದೂರಿನ ಸಂಖ್ಯೆ ಮೊಬೈಲಿಗೆ ಬಂತು. ಆಮೇಲೆ ಬ್ಯಾಂಕಿನ ಗ್ರಾಹಕ ಸೇವೆಗೆ ಕರೆ. ಅಲ್ಲಿನ ಹುಡುಗ ವಿನಯದಿಂದಲೇ ಹೇಳಿದ: "ಮೇಡಂ, ಎಟಿಎಂ ಕಾರ್ಡ್ ಬ್ಲಾಕ್ ಮಾಡಿದ್ದೇನೆ. ಇನ್ನು ಭಯವಿಲ್ಲ."

"ಹಣ ಹೋದದ್ದು ಕಾರ್ಡಿನಿಂದ ಅಲ್ಲವಲ್ಲ? ಎಇಪಿಎಸ್ ಅಂತ ಇದೆ. ಅದನ್ನೂ ನಿಲ್ಲಿಸುತ್ತೀರಾ?"

ಅವನು ನನ್ನನ್ನು ಕಾಯಿಸಿ, ಯಾರನ್ನೋ ಕೇಳಿ ಬಂದ. ಅದಕ್ಕೆ ನಾಳೆ ಶಾಖೆಗೇ ಹೋಗಬೇಕಂತೆ. ದೂರಿನ ಸಂಖ್ಯೆ ಕೊಡಿ ಎಂದೆ. ಕೊಟ್ಟ. ಕ್ಯಾಲೆಂಡರಿನ ಹಾಳೆಯ ಮೇಲೆ ಆ ಸಂಖ್ಯೆಯನ್ನೂ "ರಾತ್ರಿ 9.40" ಎಂದು ಸಮಯವನ್ನೂ ಬರೆದಿಟ್ಟೆ. ಈ ಒಂದು ಸಾಲು ಮುಂದೆ ನಮ್ಮನ್ನು ಎಷ್ಟು ಕಾಯಿತೆಂದರೆ, ಇಂಥ ಕರೆ ಮಾಡುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ: ಸಂಖ್ಯೆ ಕೇಳಿ ಪಡೆಯಿರಿ, ಗಡಿಯಾರ ನೋಡಿ ಬರೆದಿಡಿ.

ಉಳಿದದ್ದು ಆಧಾರ್. ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿ ನಮ್ಮ ಬೆರಳಚ್ಚಿಗೆ ನಾವೇ ಬೀಗ ಹಾಕಬಹುದೆಂದು ಹುಡುಕಿ ತಿಳಿದುಕೊಂಡೆ. ಬೀಗ ಹಾಕಿದರೆ ಯಾವ ಯಂತ್ರದ ಮೇಲೆ ಯಾರು ಆ ಬೆರಳಚ್ಚು ಒತ್ತಿದರೂ ಉಪಯೋಗವಿಲ್ಲ. ಸಂಖ್ಯೆ ಹಾಕಿದೆ. ಒಟಿಪಿ ಕಳಿಸಲಾಗಿದೆ ಎಂದು ತೋರಿಸಿತು. ಅಮ್ಮನ ಮೊಬೈಲಿಗೆ ಬರಲಿಲ್ಲ. ಕೊನೆಯ ಅಂಕೆಗಳನ್ನು ನೋಡಿದಾಗ ಎದೆ ಧಸಕ್ಕೆಂದಿತು. ಆಧಾರಿನಲ್ಲಿ ಇದ್ದದ್ದು ತೀರಿಹೋದ ಅಪ್ಪನ ಹಳೆಯ ಮೊಬೈಲ್ ಸಂಖ್ಯೆ. ಆ ಸಿಮ್ ಬಂದ್ ಆಗಿ ನಾಲ್ಕು ವರ್ಷವಾಗಿತ್ತು.

ಆ ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ. ಕಳ್ಳ ಬರುವ ಹೊತ್ತು ಗೊತ್ತಿದೆ, ಬರುವ ದಾರಿ ಗೊತ್ತಿದೆ, ಬಾಗಿಲು ಹಾಕಲು ಮಾತ್ರ ಆಗುತ್ತಿಲ್ಲ. ಬೆಳಿಗ್ಗೆ ಆರೂವರೆಗೆ ಅಮ್ಮ ಮೊಬೈಲನ್ನು ಊಟದ ಮೇಜಿನ ಮೇಲೆ ನಡುವೆ ಇಟ್ಟು ಎದುರಿಗೆ ಕುಳಿತಳು. 6.55ಕ್ಕೆ ಅದು ಕುಂಯ್ ಎಂದಿತು. ಇನ್ನೊಂದು ಹತ್ತು ಸಾವಿರ.

ಹತ್ತು ಗಂಟೆಗೆ ಬ್ಯಾಂಕು ತೆರೆಯುವಾಗ ಬಾಗಿಲಲ್ಲಿ ನಾವೇ ಮೊದಲಿಗರು. ಅಧಿಕಾರಿ ಪರದೆ ನೋಡಿ, "ಇದು ಬೆರಳಚ್ಚಿನಿಂದ ಆದ ವ್ಯವಹಾರ. ಅಂದರೆ ಅಮ್ಮನೇ ಬೆರಳಿಟ್ಟಿರಬೇಕು. ಇಲ್ಲವಾದರೆ ಮನೆಯವರು ಯಾರಾದರೂ ಇಡಿಸಿರಬೇಕು. ಯಾರಿಗೆ ಬೆರಳು ಕೊಟ್ಟಿರಿ ಅಮ್ಮ, ನೆನಪು ಮಾಡಿಕೊಳ್ಳಿ" ಎಂದರು. ಜನರಿದ್ದರು. ಅಮ್ಮ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

ನನಗೆ ಸಿಟ್ಟು ಬಂದದ್ದು ಆಗ. 1928ರಲ್ಲಿ ಉಡುಪಿಯಲ್ಲಿ ಹುಟ್ಟಿದ ಪಿಗ್ಮಿ ಪದ್ಧತಿ ನಮ್ಮ ಜಿಲ್ಲೆಯ ಬೀಡಿ ಕಟ್ಟುವವರ, ಮೀನು ಮಾರುವವರ ಮನೆಬಾಗಿಲಿಗೆ ಬ್ಯಾಂಕನ್ನು ತಂದಿತು. ಅಮ್ಮನಂಥವರು ದಿನಕ್ಕೆ ಎರಡು ರೂಪಾಯಿ, ಐದು ರೂಪಾಯಿ ಕೊಟ್ಟು ಬ್ಯಾಂಕನ್ನು ನಂಬಲು ಕಲಿತವರು. ಅವರು ಬ್ಯಾಂಕಿಗೆ ಬಂದು ಹಣ ಕಳವಾಗಿದೆ ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ 'ಯಾರಿಗೆ ಕೊಟ್ಟಿರಿ' ಎಂಬುದಲ್ಲ.

"ಸರ್, ನಮ್ಮಮ್ಮನ ಬೆರಳು ರೇಷನ್ ಅಂಗಡಿಯ ಯಂತ್ರಕ್ಕೇ ಹಿಡಿಸುವುದಿಲ್ಲ" ಎಂದು ಅವಳ ಎಡಗೈಯನ್ನು ಹಿಡಿದು ಮೇಜಿನ ಮೇಲಿಟ್ಟೆ. ಹೊಗೆಸೊಪ್ಪು ತುಂಬಿ, ಎಲೆ ಸುರುಳಿ ಮಾಡಿ, ನೂಲು ಸುತ್ತಿ ಸವೆದ ಹೆಬ್ಬೆರಳು ಅದು. ಬೆಳಕಿಗೆ ಹಿಡಿದರೆ ತುದಿ ನುಣ್ಣಗೆ ಹೊಳೆಯುತ್ತದೆ. ಗೆರೆಗಳು ಅಂಚಿನಲ್ಲಿ ಮಾತ್ರ ಉಳಿದಿವೆ, ನೂಲು ಹಾದ ಕಡೆ ಅಡ್ಡಕ್ಕೊಂದು ಗೀರು ಬೇರೆ. ಪ್ರತಿ ತಿಂಗಳು ಅಂಗಡಿಯವರು ಒದ್ದೆ ಬಟ್ಟೆಯಲ್ಲಿ ಒರೆಸಿ, ತಿರುಗಿಸಿ, ಒತ್ತಿ, ನಾಲ್ಕೈದು ಸಲ ಸೋತ ಮೇಲೆ ಒಮ್ಮೆ ಹಿಡಿಯುತ್ತದೆ.

ಪಕ್ಕದ ಕೌಂಟರಿನ ಹಿರಿಯ ಗುಮಾಸ್ತರೊಬ್ಬರು ಕೇಳಿಸಿಕೊಂಡು ಎದ್ದು ಬಂದರು. "ಅಕ್ಕ, ನೀವು ಕುಳಿತುಕೊಳ್ಳಿ" ಎಂದು ಅಮ್ಮನಿಗೆ ಕುರ್ಚಿ ಎಳೆದುಕೊಟ್ಟು, ನನಗೆ ಬಿಳಿ ಹಾಳೆ ಕೊಟ್ಟರು. "ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ನಮ್ಮ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಿ." ಹಾಗೆಯೇ ಮಾಡಿದೆ. ನಾಲ್ಕು ವ್ಯವಹಾರಗಳ ವಿವರ, ರಾತ್ರಿ 9.40ರ ದೂರಿನ ಸಂಖ್ಯೆ, 1930ರ ದೂರಿನ ಸಂಖ್ಯೆ. ಖಾತೆಯಿಂದ ಆಧಾರ್ ತೆಗೆಸಿಬಿಡಿ ಎಂದು ಒಬ್ಬರು ಸಲಹೆ ಕೊಟ್ಟರು. ಅದು ಬೇಡವೆಂದು ಗುಮಾಸ್ತರೇ ತಡೆದರು. ತೆಗೆಸಿದರೆ ಸರ್ಕಾರದಿಂದ ಬರುವ ಹಣ ಆ ಖಾತೆಗೆ ಬರುವುದಿಲ್ಲ. ಆಧಾರ್ ಜೋಡಣೆ ಹಾಗೆಯೇ ಇದ್ದು, ಎಇಪಿಎಸ್ ಮೂಲಕ ಹಣ ಹೊರಗೆ ಹೋಗುವುದನ್ನು ಮಾತ್ರ ನಿಲ್ಲಿಸಲು ಬರುತ್ತದೆ. ಅರ್ಧ ಗಂಟೆಯೊಳಗೆ ನಿಲ್ಲಿಸಿದರು. ಹಣ ತೆಗೆದ ಯಂತ್ರ ಬೇರೆ ರಾಜ್ಯದ್ದೆಂದು ಅವರ ಪರದೆಯಲ್ಲೇ ಕಂಡಿತು. ಅಮ್ಮ ರೈಲಿನಲ್ಲಿ ಹೋದ ಅತಿ ದೂರದ ಊರು ಮುಂಬೈ, ಅದೂ ಇಪ್ಪತ್ತು ವರ್ಷದ ಹಿಂದೆ.

ಮರುದಿನ ಕಟೀಲು ದಾರಿಯ ಬಸ್ ಹಿಡಿದು ಮಂಗಳೂರಿಗೆ, ಸೆನ್ ಠಾಣೆಗೆ ಹೋದೆವು. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದೇ ಇರುವ ಠಾಣೆ. ಹೋಗುವಾಗ ಇದ್ದ ಅಂಜಿಕೆ ಅಲ್ಲಿ ಕುಳಿತ ಐದು ನಿಮಿಷಕ್ಕೆ ಹೋಯಿತು. ನಮ್ಮಂತೆಯೇ ಹತ್ತು ಹತ್ತು ಸಾವಿರ ಕಳೆದುಕೊಂಡವರು ಅಲ್ಲಿಗೆ ಬರುತ್ತಿದ್ದರು. ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: "ಇತ್ತೀಚೆಗೆ ಜಾಗದ ನೋಂದಣಿ ಏನಾದರೂ ಆಯಿತಾ ಅಮ್ಮ?"

ಆಗಿತ್ತು. ಅದೇ ವರ್ಷ ಬೇಸಗೆಯಲ್ಲಿ ಅಮ್ಮನ ತವರಿನ ಜಾಗದ ವಿಭಾಗಪತ್ರ ಆಗಿತ್ತು. ಅಕ್ಕತಂಗಿಯರು, ಮಾವಂದಿರು ಎಲ್ಲರೂ ಪುಟಪುಟಕ್ಕೆ ಸಹಿ ಹಾಕಿ ಹೆಬ್ಬೆರಳು ಒತ್ತಿದ್ದರು. ಪತ್ರದಲ್ಲಿ ಹೆಸರು, ವಿಳಾಸ, ಹನ್ನೆರಡು ಅಂಕೆಯ ಆಧಾರ್ ಸಂಖ್ಯೆ, ಕೆಳಗೆ ಹೆಬ್ಬೆರಳಿನ ಗುರುತು. ಒಂದೇ ಹಾಳೆಯಲ್ಲಿ ಬೀಗವೂ ಕೀಲಿಯೂ. ವಂಚಕರು ಇಂಥ ಪತ್ರಗಳ ಪ್ರತಿಯಿಂದ ಗುರುತನ್ನು ಎತ್ತಿ, ರಬ್ಬರಿನಂಥ ತೆಳು ಪದರದ ಮೇಲೆ ಅಚ್ಚು ಮಾಡಿ, ಅದನ್ನು ತಮ್ಮ ಬೆರಳಿಗೆ ಅಂಟಿಸಿ ಯಂತ್ರದ ಮೇಲೆ ಇಡುತ್ತಾರೆಂದು ಅಧಿಕಾರಿ ವಿವರಿಸಿದರು. ಆ ವರ್ಷ ಮುಗಿಯುವ ಹೊತ್ತಿಗೆ ಮಂಗಳೂರು ನಗರ ಪೊಲೀಸರು ಇಂಥ ಪ್ರಕರಣಗಳಲ್ಲಿ ಬಿಹಾರದ ಮೂವರನ್ನು ಬಂಧಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು.

ಬಸ್ಸಿನಲ್ಲಿ ಹಿಂತಿರುಗುವಾಗ ಅಮ್ಮ ಮಾತಾಡಲಿಲ್ಲ. ಬಜ್ಪೆ ದಾಟಿದ ಮೇಲೆ, "ಹಾಗಾದರೆ ನಾನು ಏನೂ ತಪ್ಪು ಮಾಡಲಿಲ್ಲ ಅಲ್ಲವಾ?" ಎಂದಳು. ಇಲ್ಲ ಅಮ್ಮ ಎಂದೆ. ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿದೆ.

ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಕಾರ್ಡ್ ಕಳೆದರೆ ಬ್ಯಾಂಕು ಹೊಸತು ಕೊಡುತ್ತದೆ. ಅಮ್ಮನಿಗೆ ಹೊಸ ಹೆಬ್ಬೆರಳು ಕೊಡುವವರು ಯಾರು? ಬೆರಳಚ್ಚು ಒಮ್ಮೆ ಹೊರಗೆ ಹೋದರೆ ಆಯುಷ್ಯಪೂರ್ತಿ ಹೊರಗೇ. ಆದ್ದರಿಂದ ಬ್ಯಾಂಕಿನಲ್ಲಿ ನಿಲ್ಲಿಸಿದ್ದು ನನಗೆ ಸಾಕೆನಿಸಲಿಲ್ಲ. ಆಧಾರ್ ಕೇಂದ್ರದಲ್ಲಿ ಐವತ್ತು ರೂಪಾಯಿ ಕಟ್ಟಿ ಮೊಬೈಲ್ ಸಂಖ್ಯೆ ಬದಲಾಯಿಸಲು ಕೊಟ್ಟೆವು. ಅಲ್ಲಿಯೂ ಬೆರಳು ಹಿಡಿಯಲಿಲ್ಲ, ಕಣ್ಣಿನ ಪಾಪೆಯಿಂದ ಕೆಲಸವಾಯಿತು. ಹೊಸ ಸಂಖ್ಯೆ ದಾಖಲಾಗಲು ಒಂದು ವಾರ ಹಿಡಿಯಿತು. ಚೌತಿಯ ಮರುದಿನ ಅಮ್ಮನ ಮೊಬೈಲಿಗೆ ಮೊದಲ ಒಟಿಪಿ ಬಂತು. ಬೀಗ ಹಾಕಲು ಬೇಕಾದದ್ದು ಎರಡೇ ನಿಮಿಷ. ಬೆರಳು, ಕಣ್ಣು, ಮುಖ ಎಲ್ಲಕ್ಕೂ ಒಟ್ಟಿಗೇ ಬೀಳುತ್ತದೆ. ಆ ಎರಡು ನಿಮಿಷದ ಕೆಲಸವನ್ನು ನೋಂದಣಿಯ ದಿನವೇ ಯಾರಾದರೂ ಹೇಳಿಕೊಟ್ಟಿದ್ದರೆ ಎಂಬ ನೋವು ನನಗೆ ಈಗಲೂ ಇದೆ. ಬೆರಳು ಒತ್ತಿರಿ ಎನ್ನುವವರು ಊರು ತುಂಬ ಇದ್ದಾರೆ.

ಅದೇ ಜಾಲತಾಣದಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬ ಪಟ್ಟಿಯನ್ನೂ ತೆಗೆಯಬಹುದು. ಹಿಂದಿನ ಆರು ತಿಂಗಳದ್ದು, ಹೆಚ್ಚೆಂದರೆ ಐವತ್ತು ದಾಖಲೆ ಸಿಗುತ್ತದೆ. ಯಾವ ಸಂಸ್ಥೆ, ಯಾವ ದಿನ, ಎಷ್ಟು ಗಂಟೆ, ಬೆರಳೋ ಒಟಿಪಿಯೋ, ಹೊಂದಿತೋ ಇಲ್ಲವೋ ಎಲ್ಲ ಅದರಲ್ಲಿದೆ. ಹೊಂದದಿದ್ದರೆ ಒಂದು ಸಂಕೇತ ಸಂಖ್ಯೆ ಇರುತ್ತದೆ. ಬೆರಳಚ್ಚು ತಾಳೆಯಾಗದಿದ್ದರೆ 300. ಅಮ್ಮನ ಪಟ್ಟಿಯಲ್ಲಿ ಸೆಪ್ಟೆಂಬರ್ ಮೊದಲ ವಾರದ ರೇಷನ್ ದಿನ 300, 300, 300, 300 ಎಂದು ಸಾಲಾಗಿತ್ತು, ಐದನೆಯದು ಸರಿ. ಕಳವಾದ ನಾಲ್ಕು ದಿನ ಮೊದಲ ಸಲವೇ ಸರಿ. ಅಮ್ಮನ ನಿಜವಾದ ಬೆರಳು ನಾಲ್ಕು ಸಲ ಸೋತಲ್ಲಿ ಅದರ ನಕಲು ಒಮ್ಮೆಯೂ ಸೋತಿರಲಿಲ್ಲ. ಆ ಪಟ್ಟಿಯನ್ನು ಮುದ್ರಿಸಿ, ಆ ಸಾಲುಗಳಿಗೆ ಕೆಂಪು ಗೆರೆ ಎಳೆದು, ಬ್ಯಾಂಕಿಗೆ ಎರಡನೆಯ ಪತ್ರದ ಜೊತೆ ಕೊಟ್ಟೆ.

ಎರಡನೆಯ ಪತ್ರ ಬೇಕಾದದ್ದು ಬ್ಯಾಂಕು ಸುಮ್ಮನಿದ್ದ ಕಾರಣ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತ್ತು. ಆಗ ಜಾರಿಯಲ್ಲಿದ್ದದ್ದು ಅದೇ. ತಪ್ಪು ಗ್ರಾಹಕನದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಎಂದಾದಾಗ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕ ಒಂದು ರೂಪಾಯಿಯನ್ನೂ ಹೊರಬೇಕಾಗಿರಲಿಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕಿತ್ತು, 90 ದಿನಗಳೊಳಗೆ ದೂರು ತೀರಬೇಕಿತ್ತು. ಗ್ರಾಹಕನದ್ದೇ ತಪ್ಪು ಎನ್ನುವುದಾದರೆ ಅದನ್ನು ಸಾಬೀತು ಮಾಡಬೇಕಾದದ್ದು ಬ್ಯಾಂಕು. ದೂರು ಕೊಟ್ಟ ಮೇಲೆ ಹೋದ ಹಣವಂತೂ ಸಂಪೂರ್ಣ ಬ್ಯಾಂಕಿನ ಹೊಣೆ. ಮೊದಲ ಸಂದೇಶ ಬಂದದ್ದು ಎರಡನೆಯ ಶನಿವಾರ, ಮರುದಿನ ಭಾನುವಾರ, ನಾವು ಹೇಳಿದ್ದು ಸೋಮವಾರ ರಾತ್ರಿ. ಎಲ್ಲ ಲೆಕ್ಕದಲ್ಲೂ ನಾವು ಮೂರು ದಿನದ ಒಳಗೇ ಇದ್ದೆವು. ಮಂಗಳವಾರ ಬೆಳಿಗ್ಗೆ 6.55ರ ಹತ್ತು ಸಾವಿರಕ್ಕೆ ನಮ್ಮ ಬಳಿ ಹಿಂದಿನ ರಾತ್ರಿ 9.40ರ ಸಾಕ್ಷಿ ಇತ್ತು. ಈ ಮಾತುಗಳನ್ನು ಕನ್ನಡದಲ್ಲೇ ಒಂದು ಪುಟ ಬರೆದೆ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇವೆಂದು ಕೊನೆಗೆ ಸೇರಿಸಿದೆ. ಆ ದೂರಿಗೆ ಶುಲ್ಕವೂ ಇಲ್ಲ, ವಕೀಲರೂ ಬೇಡ.

ಒಂಬುಡ್ಸ್‌ಮನ್‌ವರೆಗೆ ಹೋಗಬೇಕಾಗಲಿಲ್ಲ. ಮಂಗಳವಾರದ ಹತ್ತು ಸಾವಿರ ಮೊದಲು ಬಂತು. ಉಳಿದ ಮೂವತ್ತು ಸಾವಿರಕ್ಕೆ ಇನ್ನೂ ಮೂರು ಸಲ ಶಾಖೆಗೆ ಹೋಗಿ, ಪ್ರತಿ ಸಲವೂ ಮೊಹರು ಹಾಕಿಸಿಕೊಂಡು ಬಂದೆ. ದೀಪಾವಳಿ ಕಳೆದು ಎರಡು ವಾರಕ್ಕೆ ಅದೂ ಬಂತು. ಬಂದ ದಿನ ಅಮ್ಮ ಪಾಸ್‌ಬುಕ್ ಮುದ್ರಿಸಿಕೊಂಡು ಬಂದು ದೇವರ ಮುಂದಿಟ್ಟಳು.

ಅದರ ನಡುವೆ ನಡೆದ ಒಂದು ಸಂಗತಿ ಹೇಳಲೇಬೇಕು. ಅಕ್ಟೋಬರಿನಲ್ಲಿ ಒಮ್ಮೆ ಆ ಪಟ್ಟಿಯನ್ನು ತೆಗೆದು ನೋಡುತ್ತಿದ್ದೆ. ಬೆಳಿಗ್ಗೆ 6.58, ಬೆರಳಚ್ಚು, ವಿಫಲ. ಸಂಕೇತ ಸಂಖ್ಯೆ 330. ಬೆರಳಚ್ಚಿಗೆ ಅದರ ಒಡೆಯರು ಬೀಗ ಹಾಕಿದ್ದಾರೆ ಎಂದು ಅದರ ಅರ್ಥ. ಎರಡು ನಿಮಿಷ ಬಿಟ್ಟು ಮತ್ತೊಮ್ಮೆ 330. ಆಮೇಲೆ ಏನೂ ಇಲ್ಲ. ಯಾರೋ ಎಲ್ಲೋ ಕುಳಿತು ಅಮ್ಮನ ಹೆಬ್ಬೆರಳನ್ನು ತನ್ನ ಬೆರಳಿಗೆ ತೊಟ್ಟು ಎರಡು ಸಲ ಒತ್ತಿ ಹಿಂದಿರುಗಿದ್ದ. ನಾನು ಅಮ್ಮನನ್ನು ಕರೆದು ಆ ಎರಡು ಸಾಲುಗಳನ್ನು ತೋರಿಸಿದೆ. ಅವಳಿಗೆ ಅಂಕೆ ಓದಲು ಬರುತ್ತದೆ. "ಮುನ್ನೂರ ಮೂವತ್ತು" ಎಂದು ಬೆರಳಿಟ್ಟು ಓದಿದಳು.

ಈಗ ನಮ್ಮ ಮನೆಯಲ್ಲಿ ಆಧಾರಿನ ಜೆರಾಕ್ಸ್ ಕೇಳಿದವರಿಗೆಲ್ಲ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನೇ ಕೊಡುತ್ತೇವೆ. ಅದರ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಅಡ್ಡಲಾಗಿ ಬರೆಯುತ್ತೇವೆ. ಸಂಚಾರ್ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿಕೊಂಡೆವು. ಅಮ್ಮನ ಹೆಸರಿನಲ್ಲಿ ಯಾರೂ ಸಾಲ ಎತ್ತಿಲ್ಲವೆಂದು ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಾಲದ ವರದಿ ತರಿಸಿ ಖಚಿತ ಮಾಡಿಕೊಂಡೆವು. ವಿಭಾಗಪತ್ರಕ್ಕೆ ಸಹಿ ಹಾಕಿದ್ದ ಚಿಕ್ಕಮ್ಮ, ಮಾವ ಎಲ್ಲರ ಮನೆಗೂ ಭಾನುವಾರಗಳಲ್ಲಿ ಹೋಗಿ ಒಬ್ಬೊಬ್ಬರಿಗೂ ಬೀಗ ಹಾಕಿಕೊಟ್ಟೆ. ಇಬ್ಬರ ಆಧಾರಿನಲ್ಲಿ ಹಳೆಯ ಮೊಬೈಲ್ ಸಂಖ್ಯೆಯೇ ಇತ್ತು. ಅವರನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗುವ ಕೆಲಸವನ್ನು ಅಮ್ಮ ತಾನೇ ವಹಿಸಿಕೊಂಡಳು.

ರೇಷನ್ ದಿನ ಮಾತ್ರ ಬೀಗ ತೆಗೆಯಬೇಕಾಗುತ್ತದೆ. ತಾತ್ಕಾಲಿಕವಾಗಿ ತೆಗೆದರೆ ಹತ್ತು ನಿಮಿಷ ತೆರೆದಿರುತ್ತದೆ, ಆಮೇಲೆ ತಾನಾಗಿಯೇ ಬೀಳುತ್ತದೆ. ಮೊದಲ ತಿಂಗಳು ನಾನು ಬೇಗ ತೆಗೆದು, ಸಾಲು ಮುಂದೆ ಸರಿಯುವಷ್ಟರಲ್ಲಿ ಹತ್ತು ನಿಮಿಷ ಮುಗಿದು ಅಮ್ಮ ಬರಿಗೈಯಲ್ಲಿ ನಿಂತಿದ್ದಳು. ಈಗ ಲೆಕ್ಕ ಅವಳದ್ದೇ. ನಾನು ಅಂಗಡಿಯಲ್ಲಿ ಬಿಲ್ಲು ಮಾಡುತ್ತಿರುವಾಗ ಕರೆ ಬರುತ್ತದೆ.

"ನನ್ನ ಮುಂದೆ ಇನ್ನು ಇಬ್ಬರೇ. ಕಳಿಸು."

ನಾನು ಒಟಿಪಿ ಕಳಿಸುತ್ತೇನೆ. ಅವಳು ಕರೆ ಕಟ್ ಮಾಡಿ, ಸಂದೇಶ ತೆರೆದು, ಮತ್ತೆ ಕರೆ ಮಾಡಿ, ಪಕ್ಕದವರಿಗೆ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ಒಂದೊಂದೇ ಅಂಕೆ ಓದುತ್ತಾಳೆ. ಕಾಲು ಗಂಟೆ ಬಿಟ್ಟು ಇನ್ನೊಂದು ಕರೆ.

"ಅಕ್ಕಿ ಸಿಕ್ಕಿತು. ಬೀಗ ಬಿತ್ತಾ ನೋಡು."

"ಅದು ತಾನಾಗಿಯೇ ಬೀಳುತ್ತದೆ ಅಮ್ಮ."

"ಗೊತ್ತು. ಆದರೂ ನೋಡು."

ನೋಡಿ ಹೇಳುತ್ತೇನೆ. ಆಮೇಲೆಯೇ ಅವಳು ಚೀಲ ಎತ್ತಿಕೊಂಡು ಮನೆ ಕಡೆ ಹೊರಡುವುದು.